ಪವರ್ ಟೂಲ್ಸ್: ಯಾವ ಬ್ರಾಂಡು, ಯಾವ ಅಂಗಡಿ? ತಾಲೂಕು ಊರಲ್ಲಿ ಶೆಡ್ ಹಾಕುವವರಿಗೆ ಸಲಹೆ ಬೇಕು

#1 ಅರಸೀಕೆರೆ ಫ್ಯಾಬ್

ಎಲ್ಲರಿಗೂ ನಮಸ್ಕಾರ. ಗೇಟು, ಗ್ರಿಲ್ಲು, ಶೀಟ್ ಚಾವಣಿ ಕೆಲಸಕ್ಕೆ ಶೆಡ್ ಹಾಕ್ತಿದ್ದೇವೆ. ಬಡಗಿ ಕೆಲಸದವರೊಬ್ಬರೂ ಜೊತೆಗಿರ್ತಾರೆ. ಸದ್ಯಕ್ಕೆ ಬೇಕಾಗಿರೋದು 4 ಇಂಚಿನ ಗ್ರೈಂಡರ್ ಎರಡು, ಗೋಡೆಗೆ ಹೋಲ್ ಹಾಕುವ ಹ್ಯಾಮರ್ ಒಂದು, ಕಬ್ಬಿಣದ ಪೈಪು ಕಡಿಯೋಕೆ 14 ಇಂಚಿನ ಕಟ್‌ಆಫ್ ಮಷೀನ್ ಒಂದು, ಪ್ಲೈವುಡ್ ಕೊಯ್ಯೋಕೆ ಒಂದು ಸರ್ಕ್ಯುಲರ್ ಸಾ. ಸಂಜೆ ಹೊತ್ತು ವೋಲ್ಟೇಜ್ 190ರ ಆಸುಪಾಸಿಗೆ ಇಳಿಯುತ್ತೆ. ಬಾಷ್, ಮಕಿಟಾ, ಡಿವಾಲ್ಟ್ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಹಾಸನದಲ್ಲೇ ತಗೊಳ್ಳೋದಾ, ಬೆಂಗಳೂರು ಎಸ್‌ಪಿ ರೋಡಾ, ಆನ್‌ಲೈನಾ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

#2 ಎಸ್‌ಪಿ ರೋಡ್ ಗಿರಾಕಿ

ಬ್ರಾಂಡ್ ಆಮೇಲೆ ನೋಡೋಣ. ಮೊದಲು ಹಾಸನದ ಎರಡು ಮೂರು ಅಂಗಡಿಗೆ ಹೋಗಿ ಹೀಗೆ ಕೇಳಿ: "ಈ ಮಾಡೆಲ್‌ಗೆ ಕಾರ್ಬನ್ ಈಗ ಕೊಡ್ತೀರಾ? ಆರ್ಮೇಚರ್ ಎಷ್ಟು ದಿನಕ್ಕೆ ತರಿಸ್ತೀರಾ? ರಿಪೇರಿ ನಿಮ್ಮಲ್ಲೇನಾ, ಸರ್ವಿಸ್ ಸೆಂಟರ್‌ಗೆ ಕಳಿಸ್ತೀರಾ?" ಕಾರ್ಬನ್ ಅಂದ್ರೆ ಮೋಟಾರಿಗೆ ಕರೆಂಟ್ ಮುಟ್ಟಿಸುವ, ಸವೆಯುವ ಬ್ರಷ್; ಆರ್ಮೇಚರ್ ಅಂದ್ರೆ ಮೋಟಾರಿನ ತಿರುಗುವ ವೈಂಡಿಂಗ್. ಮಾತಿಗೆ ಮುಂಚೆ ಕಾರ್ಬನ್ ಪ್ಯಾಕೆಟ್ ತೆಗೆದು ಕೌಂಟರ್ ಮೇಲೆ ಇಡುವ ಅಂಗಡಿಯಲ್ಲಿ ಯಾವ ಬ್ರಾಂಡ್ ಇದೆಯೋ ಅದನ್ನೇ ತಗೊಳ್ಳಿ. ದಿನಾ ಓಡುವ ಗ್ರೈಂಡರ್‌ಗೆ ಕಾರ್ಬನ್, ಬೇರಿಂಗು, ಸ್ವಿಚ್ಚು, ವೈರು ಬೇಕಾಗೇ ಆಗುತ್ತೆ. ಅವಕ್ಕೆ ವಾರ ಕಾದರೆ ಮಷೀನಲ್ಲಿ ಉಳಿಸಿದ ದುಡ್ಡು ಕೂಲಿಯಲ್ಲಿ ಹೋಗುತ್ತೆ.

ಗ್ರೈಂಡರ್‌ಗೆ ನಮ್ಮ ಕಡೆ ಬಾಷ್ ಜಿಡಬ್ಲ್ಯೂಎಸ್ 600 ಸಾಲಿನ ಸ್ಪೇರ್ ಎಲ್ಲ ತಾಲೂಕಲ್ಲೂ ಸಿಗುತ್ತೆ. ಸುಮಾರು 670 ವಾಟ್, 100 ಎಂಎಂ ಡಿಸ್ಕು, 16 ಎಂಎಂ ಬೋರು (ಡಿಸ್ಕಿನ ನಡುವಿನ ತೂತು). ಮಕಿಟಾ, ಡಿವಾಲ್ಟ್ ಎರಡೂ ಒಳ್ಳೆಯವೇ, ಸ್ಪೇರ್ ಮಾತ್ರ ಊರಿಂದ ಊರಿಗೆ ವ್ಯತ್ಯಾಸ. ಹಿಟಾಚಿ ಕೇಳುವವರಿಗೆ ಒಂದು ವಿಷಯ: 2018ರಿಂದ ಅದರ ಹೆಸರು ಹೈಕೋಕಿ. ಹಳೇ ಹಿಟಾಚಿ ಮಷೀನಿನ ಭಾಗ ಬೇಕಾದ್ರೆ ಪ್ಲೇಟ್ ಮೇಲಿನ ಮಾಡೆಲ್ ನಂಬರ್ ಹೇಳಿ ಹೈಕೋಕಿ ಡೀಲರ್ ಹತ್ತಿರ ಕೇಳಿ. ಡಿವಾಲ್ಟ್, ಸ್ಟ್ಯಾನ್ಲಿ, ಬ್ಲ್ಯಾಕ್ ಅಂಡ್ ಡೆಕರ್ ಮೂರೂ ಒಂದೇ ಗುಂಪಿನವು. ಹಾಗಂತ ಒಂದರ ಆರ್ಮೇಚರ್ ಇನ್ನೊಂದಕ್ಕೆ ಕೂರುತ್ತೆ ಅಂದುಕೊಳ್ಳಬೇಡಿ.

ಇನ್ನೊಂದು. ಬಾಷ್‌ನಲ್ಲಿ ನೀಲಿ ಬಣ್ಣದ್ದು ವೃತ್ತಿಯವರಿಗೆ, ಹಸಿರು ಬಣ್ಣದ್ದು ಮನೆ ಬಳಕೆಗೆ. ಆನ್‌ಲೈನಲ್ಲಿ ಕಡಿಮೆ ರೇಟು ನೋಡಿ ಹಸಿರು ತರಿಸಿ ಫ್ಯಾಬ್ರಿಕೇಶನ್‌ಗೆ ಹಾಕಿದರೆ ಬಾಳಿಕೆ ಬರಲ್ಲ.

#3 ಚಿಕ್ಕೋಡಿ ವೈಂಡಿಂಗ್

ಎಸ್‌ಪಿ ರೋಡ್ ಅಣ್ಣಾರು ಹೇಳಿದ್ದು ಖರೆ ಐತ್ರಿ. ನಮ್ಮ ಗಡಿ ಕಡೆ ಕೆಪಿಟಿ ಭಾಳ ನಡೀತದ. ಕೊಲ್ಹಾಪುರ ಜಿಲ್ಲಾದಾಗಿನ ಶಿರೋಳದ ಕಂಪನಿ, ಹಿಂಗಾಗಿ ಸ್ಪೇರಿಗೆ ದೂರ ಹೋಗೂದು ಬ್ಯಾಡ. ಹಾಸನ ಕಡೆ ಸ್ಪೇರ್ ಸಿಗದಿದ್ರ ಅದನ್ನ ತಗೋಬ್ಯಾಡ್ರಿ. ಊರು ನೋಡಿ ಬ್ರಾಂಡ್ ಅಂದ್ರ ಇದ.

ಸುಟ್ಟ ಮಷೀನ್ ಬಂದಾಗ ವೈಂಡಿಂಗ್ ಅಂಗಡಿಯವ್ರು ಹೆಂಗ ನೋಡ್ತಾರ ಅನ್ನೂದು ನಿಮಗೂ ಗೊತ್ತಿರಲಿ, ಯಾರೂ ಸುಳ್ಳ ಹೇಳಿ ರೊಕ್ಕ ತಗೋಬಾರದು.

ಮೊದಲ ಪ್ಲಗ್ ತೆಗೀರಿ. ಕಾರ್ಬನ್ ಹೊರಗ ತೆಗೆದು ಉದ್ದ ನೋಡ್ರಿ. 5-6 ಎಂಎಂಗೆ ಇಳಿದಿದ್ರ ಎರಡೂ ಕೂಡೇ ಬದಲಿ. ಒಂದ ಬದಲಿ ಮಾಡಿದ್ರ ಸ್ಪ್ರಿಂಗ್ ಒತ್ತಡ ಎರಡೂ ಕಡೆ ಒಂದ ಇರೂದಿಲ್ಲ, ಕಿಡಿ ಹೆಚ್ಚಾಗ್ತದ. ಹೊಸಾದು ಹೋಲ್ಡರಿನಾಗ ಸರಳ ಜಾರಬೇಕು. ಬಿಗಿ ಆದ್ರ ಅರದಿಂದ ಉಜ್ಜಿ ಕೂಡ್ರಸಬ್ಯಾಡ್ರಿ, ಅದು ತಪ್ಪು ಸೈಜು. ಹಾಕಿದ ಮ್ಯಾಲ ಲೋಡ್ ಇಲ್ಲದ 5 ನಿಮಿಷ ಓಡಸ್ರಿ, ಕಾರ್ಬನ್ ಮುಖಕ್ಕ ಕಮ್ಯುಟೇಟರಿನ ದುಂಡ ಬರ್ತದ.

ಆಮ್ಯಾಲ ಕಮ್ಯುಟೇಟರ್, ಅಂದ್ರ ಕಾರ್ಬನ್ ಉಜ್ಜೂ ತಾಮ್ರದ ಪಟ್ಟಿಗೋಳ ಸುತ್ತು. ಒಂದ ಸಮ ಕಂದು ಬಣ್ಣ ಇದ್ರ ಚಲೋ. ಒಂದೆರಡು ತಾಮ್ರದ ಪಟ್ಟಿ ಅಷ್ಟ ಕರ್ರಗಾಗಿದ್ರ ಆ ಕಾಯಿಲ್ ಹರಿದಿರಬಹುದು. ಮಲ್ಟಿಮೀಟರಿನ ಒಂದು ಕಡ್ಡಿ ಶಾಫ್ಟಿಗೆ, ಇನ್ನೊಂದು ಪಟ್ಟಿಗೆ ಹಚ್ಚಿದ್ರ ಬೀಪ್ ಬರಬಾರದು. ಬಂದ್ರ ಇನ್ಸುಲೇಷನ್ ಹೋಗ್ಯದ, ಮೈಗೆ ಕರೆಂಟ್ ಹೊಡೀತದ. ಮಗ್ಗಲ ಮಗ್ಗಲಿನ ಪಟ್ಟಿಗೋಳ ನಡುವ ಎಲ್ಲಾ ಕಡೆ ಒಂದ ರೀಡಿಂಗ್ ಬರಬೇಕು. ಸುತ್ತು ಸುತ್ತಿನ ನಡುವಿನ ಶಾರ್ಟ್ ಮಾತ್ರ ಸಾದಾ ಮೀಟರಿನಾಗ ಕಾಣೂದಿಲ್ಲ, ಅದಕ್ಕ ಗ್ರೌಲರ್ ಅನ್ನೂ ಆರ್ಮೇಚರ್ ಪರೀಕ್ಷೆ ಮಾಡೂ ಸಾಧನ ಬೇಕು. ಆರ್ಮೇಚರ್ ಸುತ್ತ ತಿರುಗದ ಕೂತಿರೋ ಫೀಲ್ಡ್ ಕಾಯಿಲ್ ಎರಡೂ ಬದಿ ಅಳೀರಿ. ಒಂದು 4 ಓಮ್ ತೋರಿಸಿ ಇನ್ನೊಂದು 2 ತೋರಿಸಿದ್ರ ಹೊಸ ಆರ್ಮೇಚರ್ ಹಾಕಿದ್ರೂ ಅದೂ ಸುಡ್ತದ. ಇದನ್ನ ಅಳೀದ ಬರೇ ಆರ್ಮೇಚರ್ ಬದಲಿ ಮಾಡೂದು ಅಂಗಡಿಯೊಳಗ ದಿನಾ ಆಗೂ ತಪ್ಪು.

ಬೇರಿಂಗಿನ ಮ್ಯಾಲ 607, 608 ಹಿಂಗ ನಂಬರ್ ಇರ್ತದ. ಅದರ ಮುಂದ 2ಆರ್‌ಎಸ್ ಅಂದ್ರ ರಬ್ಬರ್ ಸೀಲು, ಝಡ್‌ಝಡ್ ಅಂದ್ರ ತಗಡಿನ ಮುಚ್ಚಳ. ಕಲ್ಲಿನ ಧೂಳಿಗೆ 2ಆರ್‌ಎಸ್ ಹಾಕಸ್ರಿ.

#4 ಲೈನ್‌ಮ್ಯಾನ್ ತುಮಕೂರು

ಅರಸೀಕೆರೆಯವರೇ, ನೀವು ಹೇಳಿದ 190 ವೋಲ್ಟ್ ವಿಷಯವನ್ನ ಯಾರೂ ಮುಟ್ಟಲಿಲ್ಲ. ಆರ್ಮೇಚರ್ ಸುಡೋಕೆ ನನ್ನ ಪ್ರಕಾರ ಮೊದಲ ಕಾರಣ ಅದೇ.

ವೋಲ್ಟೇಜ್ ಇಳಿದರೆ ಸ್ಪೀಡ್ ಇಳಿಯುತ್ತೆ. ಒಳಗಿನ ಫ್ಯಾನು ಅದೇ ಶಾಫ್ಟಲ್ಲಿರೋದ್ರಿಂದ ತಂಪು ಗಾಳಿಯೂ ಇಳಿಯುತ್ತೆ. ಡಿಸ್ಕು ಕಡಿಯಲ್ಲ ಅಂತ ಕೈಯವನು ಇನ್ನೂ ಒತ್ತುತ್ತಾನೆ, ಕರೆಂಟ್ ಏರುತ್ತೆ. ಬಿಸಿ ಹೆಚ್ಚು, ಗಾಳಿ ಕಡಿಮೆ. ವಾರ್ನಿಷ್ ವಾಸನೆ ಬಂತು ಅಂದ್ರೆ ತಡವಾಯ್ತು ಅಂತ ಅರ್ಥ.

ಇದರ ಮೇಲೆ ಎಕ್ಸ್‌ಟೆನ್ಷನ್ ವೈರ್. ಲೆಕ್ಕ ನೋಡಿ. 1500 ವಾಟ್ ಮಷೀನ್ ಸುಮಾರು 6.5 ಆಂಪ್ ಎಳೆಯುತ್ತೆ. 0.75 ಸ್ಕ್ವೇರ್ ಎಂಎಂ ವೈರು 50 ಮೀಟರ್ ಎಳೆದರೆ ಹೋಗಿ ಬಂದು 100 ಮೀಟರ್ ತಾಮ್ರ, ರೆಸಿಸ್ಟೆನ್ಸ್ ಸುಮಾರು 2.6 ಓಮ್. ವೈರಲ್ಲೇ 17 ವೋಲ್ಟ್ ಹೋಯ್ತು. 190 ಇದ್ದದ್ದು 173. ಅದೇ 2.5 ಸ್ಕ್ವೇರ್ ಹಾಕಿದರೆ ಬರೀ 5 ವೋಲ್ಟ್ ಇಳಿಕೆ. ವೈರನ್ನ ಡ್ರಮ್‌ನಿಂದ ಪೂರ್ತಿ ಬಿಚ್ಚಿ ಬಳಸಿ. ಸುತ್ತಿಟ್ಟೇ ಓಡಿಸಿದರೆ ಬಿಸಿ ಹೊರಗೆ ಹೋಗೋ ದಾರಿ ಇಲ್ಲದೆ ಒಳಸುತ್ತು ಕರಗಿ ಅಂಟಿಕೊಳ್ಳುತ್ತೆ.

14 ಇಂಚಿನ ಕಟ್‌ಆಫ್ 2200 ವಾಟ್ ಅಂದ್ರೆ 9.6 ಆಂಪ್. ಇದಕ್ಕೆ 6 ಆಂಪ್ ಸಾಕೆಟ್ ಬೇಡವೇ ಬೇಡ, 16 ಆಂಪ್ ಪಾಯಿಂಟ್ ಹಾಕಿಸಿ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಕರೆಂಟ್ ಹಲವು ಪಟ್ಟು ಎಳೆಯುತ್ತೆ. ಬಿ ಟೈಪ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) 3ರಿಂದ 5 ಪಟ್ಟಿಗೆ ಬೀಳುತ್ತೆ, ಸಿ ಟೈಪ್ 5 ಪಟ್ಟಿನವರೆಗೆ ತಡೆದು 5ರಿಂದ 10 ಪಟ್ಟಿಗೆ ಬೀಳುತ್ತೆ. ಸಿ16, ಅಂದ್ರೆ ಸಿ ಟೈಪಿನ 16 ಆಂಪ್‌ದು ಹಾಕಿಸಿ. ಎಂಸಿಬಿ ಬೀಳುತ್ತೆ ಅಂತ 32 ಹಾಕಿಸಿಕೊಂಡು ಕೂರುವವರಿದ್ದಾರೆ. ಆಮೇಲೆ ಸುಡೋದು ವೈರು.

ಹೆಚ್ಚಿನ ಹ್ಯಾಂಡ್ ಟೂಲ್‌ಗಳು ಡಬಲ್ ಇನ್ಸುಲೇಟೆಡ್, ಎರಡೇ ಪಿನ್ನು, ಅರ್ಥ್ ಇರಲ್ಲ. ಪ್ಲೇಟ್ ಮೇಲೆ ಚೌಕದೊಳಗೆ ಚೌಕದ ಗುರುತು ನೋಡಿ. ನೀರು ಬಿಟ್ಟು ಗ್ರಾನೈಟ್ ಕಡಿಯುವವರು 30 ಮಿಲಿ ಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇಲ್ಲದೆ ಸ್ವಿಚ್ ಒತ್ತಬೇಡಿ. ಜೀವದ ಪ್ರಶ್ನೆ ಇದು.

#5 ಅರಸೀಕೆರೆ ಫ್ಯಾಬ್

ತುಂಬಾ ಧನ್ಯವಾದ ಸರ್. ಹ್ಯಾಮರ್ ವಿಷಯಕ್ಕೆ ಬರೋಣ. ಅಂಗಡಿಯವರು 13 ಎಂಎಂ ಇಂಪ್ಯಾಕ್ಟ್ ಡ್ರಿಲ್ ಸಾಕು ಅಂತಾರೆ. ಅದು ಅರ್ಧ ರೇಟಿಗೆ ಬರುತ್ತೆ. ನಮ್ಮ ಕೆಲಸ ಹೆಚ್ಚಾಗಿ ಸಾಲಿಡ್ ಬ್ಲಾಕ್ ಗೋಡೆ, ಆರ್‌ಸಿಸಿ ಪಿಲ್ಲರ್.

#6 ಆ್ಯಂಕರ್ ಬೋಲ್ಟ್

ಪಿಲ್ಲರ್ ಇದೆ ಅಂದ ಮೇಲೆ ರೋಟರಿ ಹ್ಯಾಮರೇ ತಗೊಳ್ಳಿ. ಇಂಪ್ಯಾಕ್ಟ್ ಡ್ರಿಲ್ ಒಳಗೆ ಹಲ್ಲಿನ ಎರಡು ತಟ್ಟೆ ಒಂದರ ಮೇಲೊಂದು ಜಾರಿ ಕಟಕಟ ಅನ್ನುತ್ತೆ, ಅಷ್ಟೇ. ಪೆಟ್ಟಿನ ಬಲ ನಿಮ್ಮ ಕೈಯಿಂದ ಬರಬೇಕು. ರೋಟರಿ ಹ್ಯಾಮರ್‌ನಲ್ಲಿ ಪಿಸ್ಟನ್ ಗಾಳಿಯನ್ನ ಒತ್ತಿ ಸ್ಟ್ರೈಕರ್ ಬಿಟ್‌ಗೆ ಹೊಡೆಯುತ್ತೆ, ನೀವು ಹಿಡಿದುಕೊಂಡರೆ ಸಾಕು. ಬಾಷ್ ಜಿಬಿಎಚ್ 220 ಅಂಥದ್ದು 720 ವಾಟ್, ಒಂದು ಪೆಟ್ಟಿನ ಶಕ್ತಿ 2 ಜೌಲ್. ಜಿಬಿಎಚ್ 2-26 ಸಾಲಿನದ್ದು 800 ವಾಟ್, 2.7 ಜೌಲ್. ಮಕಿಟಾ, ಡಿವಾಲ್ಟ್‌ನಲ್ಲೂ ಇದೇ ವರ್ಗದವು ಇವೆ. ಜೌಲ್ ಹೋಲಿಸಿ. ಚಿಕ್ಕ ಬ್ರಾಂಡ್‌ಗಳ ಪೆಟ್ಟಿಗೆ ಮೇಲೆ ಬರೆದ ವಾಟ್ ನಂಬಿ ಹೋಲಿಸಬೇಡಿ.

ಬಿಟ್ ಹಿಡಿಯುವ ಹಿಂಬದಿಗೆ ಎಸ್‌ಡಿಎಸ್ ಪ್ಲಸ್ ಅಂತಾರೆ, 10 ಎಂಎಂ ಶ್ಯಾಂಕ್. ಗೋಡೆ ಒಡೆಯುವ ದೊಡ್ಡ ಬ್ರೇಕರ್‌ಗಳದ್ದು ಎಸ್‌ಡಿಎಸ್ ಮ್ಯಾಕ್ಸ್, 18 ಎಂಎಂ. ಒಂದರದ್ದು ಇನ್ನೊಂದಕ್ಕೆ ಆಗಲ್ಲ, ಬಿಟ್ ತಗೊಳ್ಳುವಾಗ ಹೇಳಿಯೇ ಕೇಳಿ.

10 ಎಂಎಂ ಆ್ಯಂಕರ್ ಫಾಸ್ಟ್‌ನರ್ ಹಾಕುವ ಕ್ರಮ: ಫಾಸ್ಟ್‌ನರ್ ಪ್ಯಾಕೆಟ್ ಮೇಲೆ ಬರೆದಿರುವ ಸೈಜಿನ ಬಿಟ್ ತಗೊಂಡು ಶ್ಯಾಂಕ್‌ಗೆ ಕಡಲೆಕಾಳಿನಷ್ಟು ಗ್ರೀಸ್ ಹಚ್ಚಿ ಹಾಕಿ, ಎಳೆದು ನೋಡಿ. ಬೇಕಾದ ಆಳಕ್ಕಿಂತ 10 ಎಂಎಂ ಹೆಚ್ಚು ಕೊರೆಯಿರಿ. ಬಿಟ್ ತಿರುಗುತ್ತಿರುವಾಗಲೇ ಒಂದೆರಡು ಸಲ ಹೊರಗೆಳೆದು ಧೂಳು ತೆಗೆಯಿರಿ. ಕೊನೆಗೆ ಊದಿ ಖಾಲಿ ಮಾಡಿ. ತೂತಲ್ಲಿ ಧೂಳು ಉಳಿದರೆ ಫಾಸ್ಟ್‌ನರ್ ಹಿಡಿದ ಹಾಗೆ ಕಂಡು, ಗೇಟಿನ ಭಾರ ಬಿದ್ದ ಮೇಲೆ ಸಡಿಲವಾಗುತ್ತೆ. ಕೊರೆಯುವಾಗ ಸದ್ದು ಬದಲಾಗಿ ಬಿಟ್ ಒಳಗೆ ಹೋಗೋದು ನಿಂತರೆ ಕಬ್ಬಿಣದ ಕಂಬಿ ಸಿಕ್ಕಿದೆ. ಅಲ್ಲೇ ಒತ್ತಿ ಹಿಡಿದರೆ ತುದಿಯ ಕಾರ್ಬೈಡ್ ಒಡೆಯುತ್ತೆ. ಪಿಲ್ಲರಿನ ಕಂಬಿ ಕಡಿಯೋದೂ ತಪ್ಪು. ತೂತನ್ನ ಪಕ್ಕಕ್ಕೆ ಸರಿಸಿ.

#7 ಕುಂದಾಪ್ರ ವೈರಿಂಗ್

ಮಾರಾಯ್ರೆ, ಗೋಡೆ ಯಾವುದು ಅಂತ ನೋಡದೆ ಎಲ್ಲದಕ್ಕೂ ಹ್ಯಾಮರ್ ಮೋಡ್ ಹಾಕಬೇಡಿ. ನಮ್ಮಲ್ಲಿ ಮನೆಗಳು ಹೆಚ್ಚು ಕೆಂಪು ಕಲ್ಲಿನವು. ಆ ಕಲ್ಲಿಗೆ ಪೆಟ್ಟು ಕೊಟ್ಟರೆ 8 ಎಂಎಂ ತೂತು 11 ಆಗಿ, ಸ್ಕ್ರೂಗೆ ಹಾಕುವ ಪ್ಲಗ್ ಕೈಯಲ್ಲೇ ಬರ್ತದೆ. ಬರೀ ತಿರುಗುವ ಮೋಡ್‌ನಲ್ಲಿ, ಒಂದು ಸೈಜು ಸಣ್ಣ ಬಿಟ್‌ನಿಂದ ಕೊರೆದು ಪ್ಲಗ್ ತಟ್ಟಿ ಕೂರಿಸಿ. ಹಗುರದ ಎಎಸಿ ಬ್ಲಾಕಿಗೂ ಇದೇ ನಿಯಮ. ಸಿಮೆಂಟ್ ಸಾಲಿಡ್ ಬ್ಲಾಕಿಗೆ ಹ್ಯಾಮರ್ ಸರಿ, ಆದರೆ ಗಾರೆಯ ಸಂದಿಯಲ್ಲಿ ಬೇಡ.

ಮಳೆಗಾಲದಲ್ಲಿ ಇಟ್ಟ ಕಟಿಂಗ್ ಡಿಸ್ಕಿನ ಬಗ್ಗೆಯೂ ಯಾರಾದರೂ ಹೇಳಿ.

#8 ಡಿಸ್ಕ್ ಲೆಕ್ಕ

ಹೇಳ್ತೇನೆ, ಇದು ನನಗೆ ತುಂಬಾ ಕಾಳಜಿಯ ವಿಷಯ.

ಡಿಸ್ಕಿನ ನಡುವಿನ ಲೋಹದ ಬಳೆ ಮೇಲೆ ತಿಂಗಳು ಮತ್ತು ವರ್ಷ ಅಚ್ಚಾಗಿರುತ್ತೆ. ಅದು ತಯಾರಾದ ದಿನ ಅಲ್ಲ, ಬಳಸಬಹುದಾದ ಕೊನೆಯ ಗಡುವು. ಸಾಮಾನ್ಯವಾಗಿ ತಯಾರಾದ 3 ವರ್ಷಕ್ಕೆ ಹಾಕ್ತಾರೆ. ಡಿಸ್ಕು ಕಟ್ಟಿರೋದು ರೆಸಿನ್‌ನಿಂದ, ತೇವ ಕುಡಿದರೆ ಅದರ ಹಿಡಿತ ಸಡಿಲ. ಮಲೆನಾಡು, ಕರಾವಳಿಯ ಅಂಗಡಿಗಳಲ್ಲಿ ನೆಲದ ಮೇಲೆ ಇಟ್ಟ ಬಾಕ್ಸಿನದ್ದನ್ನ ತಗೊಳ್ಳಬೇಡಿ. ದಿನಾಂಕ ಉಜ್ಜಿ ಹೋಗಿರುವ ಡಿಸ್ಕಿಗೆ ರಿಯಾಯಿತಿ ಕೊಟ್ಟರೂ ಬೇಡ. ನಾರ್ಟನ್, ಕುಮಿ, ಬಾಷ್ ಯಾವುದಾದರೂ ಸರಿ, ದಿನಾಂಕ ನೋಡಿ.

ಸ್ಪೀಡಿನ ಲೆಕ್ಕ: ಈ ಡಿಸ್ಕುಗಳ ಅಂಚು ಸೆಕೆಂಡಿಗೆ 80 ಮೀಟರ್ ಮೀರಬಾರದು. ಅದಕ್ಕೇ 100 ಎಂಎಂ ಡಿಸ್ಕಿನ ಮೇಲೆ 15,300 ಆರ್‌ಪಿಎಂ ಬಳಿ, 125ರ ಮೇಲೆ 12,250, 180ರ ಮೇಲೆ 8,500, 355ರ ಮೇಲೆ 4,300 ಅಂತ ಇರುತ್ತೆ. 11,000 ಆರ್‌ಪಿಎಂನ 4 ಇಂಚಿನ ಗ್ರೈಂಡರ್‌ಗೆ ಗಾರ್ಡ್ ಬಿಚ್ಚಿ 7 ಇಂಚಿನ ಡಿಸ್ಕ್ ಹಾಕಿದರೆ ಅಂಚಿನ ವೇಗ 103 ಮೀಟರ್. ಚೂರಾಗಿ ಹಾರುತ್ತೆ. ಕಡಿಯುವ ಮನುಷ್ಯನ ಮುಖವೇ ಅದರ ದಾರಿಯಲ್ಲಿರುತ್ತೆ. ಗಾರ್ಡ್ ಬಿಚ್ಚಬೇಡಿ. ಕೊರಳಿಗೆ ಟವಲ್ ಸುತ್ತಿಕೊಂಡು ನಿಲ್ಲಬೇಡಿ.

1 ಎಂಎಂ ತೆಳು ಡಿಸ್ಕು ಕಡಿಯೋಕೆ ಮಾತ್ರ, ಅದರ ಬದಿಯಿಂದ ವೆಲ್ಡಿಂಗ್ ಉಜ್ಜಬಾರದು. ಉಜ್ಜೋಕೆ 6 ಎಂಎಂ ಗ್ರೈಂಡಿಂಗ್ ವೀಲು ಅಥವಾ ಫ್ಲ್ಯಾಪ್ ಡಿಸ್ಕ್.

ಶೀಟ್ ಕೆಲಸ ಅಂದಿರಲ್ಲ, ಬಣ್ಣದ ಶೀಟನ್ನ ಗ್ರೈಂಡರ್‌ನಲ್ಲಿ ಕಡಿಯಬೇಡಿ. ಅಂಚಿನ ಲೇಪ ಸುಡುತ್ತೆ, ಕಿಡಿ ಬಿದ್ದ ಪ್ರತಿ ಚುಕ್ಕೆಯೂ ಮೊದಲ ಮಳೆಗೆ ತುಕ್ಕು ಹಿಡಿಯುತ್ತೆ. ಶೀಟ್ ಕತ್ತರಿ ಅಥವಾ ನಿಬ್ಲರ್ (ಶೀಟನ್ನ ಸಣ್ಣ ಚೂರಾಗಿ ಕಚ್ಚಿ ಕಡಿಯುವ ಮಷೀನು) ಬಳಸಿ. ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂಗೆ 8 ಎಂಎಂ ಹೆಕ್ಸ್ ಸಾಕೆಟ್ಟು. ವಾಷರಿನ ರಬ್ಬರ್ ತುಸು ಉಬ್ಬಿ ಕಂಡಾಗ ನಿಲ್ಲಿಸಿ. ಪೂರ್ತಿ ಚಪ್ಪಟೆಯಾದರೆ ಬಿಸಿಲಿಗೆ ಸೀಳಿ ಅಲ್ಲಿಂದಲೇ ಸೋರುತ್ತೆ.

#9 ಹೊನ್ನೆ ಮರ

ಬಡಗಿ ಕೆಲಸದವರಿಗೆ: ಮಾರ್ಬಲ್ ಕಟರ್‌ಗೆ 110 ಎಂಎಂ ಮರದ ಬ್ಲೇಡ್ ಹಾಕಿ ಪ್ಲೈವುಡ್ ಕೊಯ್ಯೋದು ಎಲ್ಲೆಡೆ ನಡೀತಿದೆ. ಆ ಮಷೀನು 12,000 ಆರ್‌ಪಿಎಂ ಆಸುಪಾಸು ತಿರುಗುತ್ತೆ, ಬ್ಲೇಡ್ ಕೆಳಗೆ ತಾನಾಗಿ ಮುಚ್ಚಿಕೊಳ್ಳುವ ಗಾರ್ಡ್ ಇಲ್ಲ. ಕೊಯ್ದು ಮುಗಿಸಿ ಕೆಳಗಿಟ್ಟಾಗಲೂ ಬ್ಲೇಡ್ ಬಯಲಲ್ಲೇ ತಿರುಗ್ತಿರುತ್ತೆ. ಸರ್ಕ್ಯುಲರ್ ಸಾ ಬೇಕು ಅಂತ ನೀವು ತೀರ್ಮಾನಿಸಿರೋದು ಸರಿ, 7 ಇಂಚಿನದ್ದು ತಗೊಳ್ಳಿ. ಬ್ಲೇಡ್ ಹಲ್ಲು 24 ಇದ್ದರೆ ಮರ ಉದ್ದಕ್ಕೆ ಸೀಳೋಕೆ, 40 ಸಾಮಾನ್ಯಕ್ಕೆ, 60 ಲ್ಯಾಮಿನೇಟ್, ಪ್ಲೈವುಡ್‌ಗೆ. ಬೋರ್ 20, 25.4, 30 ಹೀಗೆ ಬೇರೆ ಬೇರೆ ಬರುತ್ತೆ, ನಿಮ್ಮ ಮಷೀನಿನ ಹಳೇ ಬ್ಲೇಡ್ ತಗೊಂಡೇ ಅಂಗಡಿಗೆ ಹೋಗಿ. ಹಲ್ಲು ಕೆಳಗಿಂದ ಮೇಲಕ್ಕೆ ಕಡಿಯುವುದರಿಂದ ಪ್ಲೈನ ಒಳ್ಳೇ ಮುಖ ಕೆಳಗಿರಲಿ. ಟೇಬಲ್ ಸಾ ಆದರೆ ಉಲ್ಟಾ. ಆಳವನ್ನ ಹಲಗೆಗಿಂತ 5 ಎಂಎಂ ಮಾತ್ರ ಹೆಚ್ಚಿಡಿ.

#10 ನ್ಯೂಜೆರ್ಸಿ ಕನ್ನಡಿಗ

ಇಲ್ಲಿ ಡಿವಾಲ್ಟ್ 20 ವೋಲ್ಟ್ ಕಿಟ್‌ಗಳು ರಿಯಾಯಿತಿಗೆ ಬರುತ್ತವೆ. ಊರಿಗೆ ಬರುವಾಗ ತಂದುಕೊಡಿ ಅಂತ ಮನೆಯವರು ಕೇಳ್ತಿದ್ದಾರೆ. ಅಲ್ಲಿ ನಡೆಯುತ್ತಾ?

#11 ಲೈನ್‌ಮ್ಯಾನ್ ತುಮಕೂರು

ಪ್ಲಗ್ ಇರುವ ಮಷೀನ್ ತರಲೇಬೇಡಿ. 120 ವೋಲ್ಟಿನದ್ದನ್ನ 230ಕ್ಕೆ ಹಾಕಿದರೆ ಕ್ಷಣದಲ್ಲಿ ಸುಡುತ್ತೆ. 60 ಹರ್ಟ್ಸ್, 50 ಹರ್ಟ್ಸ್ ವ್ಯತ್ಯಾಸದಿಂದ ಕಾರ್ಬನ್ ಇರುವ ಮೋಟಾರ್‌ಗೆ ತೊಂದರೆ ಇಲ್ಲ, ತೊಂದರೆ ವೋಲ್ಟೇಜಿನದ್ದೇ. ಬ್ಯಾಟರಿ ಮಷೀನ್ ನಡೆಯುತ್ತೆ, ಅದರ ಚಾರ್ಜರ್ ಮೇಲೆ 120 ಮಾತ್ರ ಬರೆದಿದ್ದರೆ ಚಾರ್ಜರನ್ನ ಇಲ್ಲೇ ತಗೊಳ್ಳಿ, ಇಲ್ಲವೇ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಡಿ. ಬಿಡಿ ಬ್ಯಾಟರಿಗಳು ವಿಮಾನದ ಚೆಕ್‌ಇನ್ ಲಗೇಜಿನಲ್ಲಿ ಹೋಗಲ್ಲ, ಕೈಚೀಲದಲ್ಲೇ ತರಬೇಕು. ಏರ್‌ಲೈನಿನ ಅನುಮತಿ ಇಲ್ಲದೆ ತರಬಹುದಾದ ವಾಟ್ ಅವರ್ ಮಿತಿ 100. 20 ವೋಲ್ಟ್, 5 ಆಂಪ್ ಅವರ್ ಅಂದರೆ ಗರಿಷ್ಠ ವೋಲ್ಟಿನ ಲೆಕ್ಕಕ್ಕೆ ಸರಿಯಾಗಿ 100 ಆಗುತ್ತೆ, ಪ್ಯಾಕ್ ಮೇಲೆ ಬರೆದ ಅಂಕಿ ನೋಡಿಕೊಳ್ಳಿ. ಇಲ್ಲಿ ವಾರಂಟಿ ಸಿಗುತ್ತೆ ಅಂತ ನೆಚ್ಚಿಕೊಂಡು ತರಬೇಡಿ.

ಇದಕ್ಕೇ ಸೇರಿಸ್ತೇನೆ: 18 ವೋಲ್ಟ್ ಮತ್ತು 20 ವೋಲ್ಟ್ ಮ್ಯಾಕ್ಸ್ ಎರಡರಲ್ಲೂ ಇರೋದು ಸಾಲಾಗಿ 5 ಸೆಲ್. ಒಂದೊಂದು 3.6 ಅಂತ ಎಣಿಸಿದರೆ 18, ಪೂರ್ತಿ ಚಾರ್ಜ್ ಆದಾಗಿನ ಲೆಕ್ಕ ಹಿಡಿದರೆ 20. ಬೀದಿ ಬದಿ ಪೆಟ್ಟಿಗೆಗಳಲ್ಲಿ 48, 88 ಅಂತ ಬರೆದಿರೋದನ್ನ ಮೀಟರ್ ಹಿಡಿದು ನೋಡಿ, ಸಾಮಾನ್ಯವಾಗಿ 20-21ರಲ್ಲೇ ನಿಲ್ಲುತ್ತೆ.

#12 ಕೌಂಟರ್ ಈಚೆ

ಅಂಗಡಿಯ ವಿಷಯ ಒಂದಿಷ್ಟು. ಬಿಲ್ ಇಲ್ಲದ ರೇಟು ಕೇಳಬೇಡಿ. ಪವರ್ ಟೂಲ್‌ಗೆ ಜಿಎಸ್‌ಟಿ 18 ಪರ್ಸೆಂಟ್. ನಿಮಗೆ ಜಿಎಸ್‌ಟಿ ನಂಬರ್ ಇದ್ದು, ತೆರಿಗೆ ಕಟ್ಟುವ ಸಾಮಾನ್ಯ ಪದ್ಧತಿಯಲ್ಲಿದ್ದರೆ ಅದು ಇನ್‌ಪುಟ್ ಆಗಿ ಮರಳುತ್ತೆ. ಕರ್ನಾಟಕದ ಅಂಗಡಿಯ ನಂಬರ್ 29ರಿಂದ ಶುರುವಾಗಬೇಕು. ಬಿಲ್ಲಿನಲ್ಲಿ ಮಾಡೆಲ್ ಜೊತೆ ಸೀರಿಯಲ್ ನಂಬರನ್ನೂ ಬರೆಸಿ, ವಾರಂಟಿ ಕಾರ್ಡಿಗೆ ಅಂಗಡಿ ಸೀಲ್ ಅಲ್ಲೇ ಹಾಕಿಸಿ.

ದೊಡ್ಡ ಬ್ರಾಂಡ್‌ಗಳ ನಕಲಿ ಸಾಕಷ್ಟು ಓಡಾಡುತ್ತಿದೆ. ಪೆಟ್ಟಿಗೆಯ ಸೀರಿಯಲ್, ಮಷೀನಿನ ಪ್ಲೇಟಿನ ಸೀರಿಯಲ್ ಒಂದೇ ಇದೆಯಾ ನೋಡಿ. ಬಾಷ್ ಆದರೆ ಪ್ಲೇಟಿನಲ್ಲಿ ಹತ್ತಂಕಿಯ ನಂಬರ್ ಇರುತ್ತೆ, ಸ್ಪೇರ್ ತರಿಸೋಕೂ ಅದೇ ಬೇಕು, ಫೋಟೋ ತೆಗೆದಿಟ್ಟುಕೊಳ್ಳಿ. ಕೌಂಟರ್‌ನಲ್ಲೇ ಪ್ಲಗ್ ಹಾಕಿಸಿ ಒಂದು ನಿಮಿಷ ಓಡಿಸಿ: ಗಾಳಿಕಂಡಿಯಿಂದ ನೋಡಿದಾಗ ಕಾರ್ಬನ್ ಬಳಿ ಸಣ್ಣ ನೀಲಿ ಕಿಡಿ ಸರಿ, ಕಮ್ಯುಟೇಟರ್ ಸುತ್ತ ಉಂಗುರದ ಹಾಗೆ ಬೆಂಕಿ ಸುತ್ತಿದರೆ ಬೇಡ. ಆಫ್ ಮಾಡಿದ ಮೇಲೆ ಸ್ಪಿಂಡಲ್ ಹಿಡಿದು ಅಲ್ಲಾಡಿಸಿ, ಬದಿಗೆ ಆಟ ಇರಬಾರದು.

ಎಸ್‌ಪಿ ರೋಡಿಗೆ ಹೋಗೋದಾದರೆ ಒಂದೇ ಸಲ ಬ್ಲೇಡು, ಬಿಟ್ಟು, ಡಿಸ್ಕು, ಕಾರ್ಬನ್ ಎಲ್ಲ ಸೇರಿಸಿ ತನ್ನಿ. ಉಳಿತಾಯ ಇರೋದು ಆ ಸಾಮಾನಿನಲ್ಲಿ. ಮಷೀನನ್ನ ಮಾತ್ರ ಹಾಸನದಲ್ಲಿ ತಗೊಳ್ಳಿ, ರಿಪೇರಿಗೆ ಹೊತ್ತುಕೊಂಡು ಹೋಗುವವರು ನೀವೇ.

#13 ಮನೆ ಕೆಲಸ ಮಂಡ್ಯ

ಚಿಕ್ಕ ಬ್ರಾಂಡ್‌ಗಳನ್ನ ಪೂರ್ತಿ ತಳ್ಳಿಹಾಕೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ತಿಂಗಳಿಗೆ ಎರಡು ಸಲ ಗೋಡೆ ಒಡೆಯೋಕೆ ಬೇಕಾಗುವ ಬ್ರೇಕರ್‌ಗೆ ದೊಡ್ಡ ದುಡ್ಡು ಹಾಕೋದಕ್ಕಿಂತ ಬಾಡಿಗೆಗೆ ತರೋದು ಮೇಲು, ಅಥವಾ ಕಡಿಮೆ ರೇಟಿನದ್ದು ಸಾಕು. ದಿನಾ ಓಡುವ ಗ್ರೈಂಡರ್‌ಗೆ ಮಾತ್ರ ಆ ಲೆಕ್ಕ ಹಿಡಿಯಲ್ಲ.

#14 ಅರಸೀಕೆರೆ ಫ್ಯಾಬ್

ಹಾಗಾದರೆ ಹೀಗೆ: ಹಾಸನದಲ್ಲಿ ಗ್ರೈಂಡರ್ ಎರಡು, 2 ಕೆಜಿ ವರ್ಗದ ರೋಟರಿ ಹ್ಯಾಮರ್, ಕಟ್‌ಆಫ್, 7 ಇಂಚಿನ ಸಾ. 2.5 ಸ್ಕ್ವೇರ್ ವೈರು 30 ಮೀಟರ್, ಸಿ16, ಆರ್‌ಸಿಸಿಬಿ. ಬ್ರೇಕರ್ ಬಾಡಿಗೆ. ಕರೆಂಟ್ ಹೋದಾಗ 2 ಕೆವಿಎ ಜನರೇಟರ್‌ನಲ್ಲಿ ಕಟ್‌ಆಫ್ ಓಡುತ್ತಾ?

#15 ಲೈನ್‌ಮ್ಯಾನ್ ತುಮಕೂರು

ಓಡಲ್ಲ. ಗ್ರೈಂಡರ್, ಹ್ಯಾಮರ್ ಒಂದೊಂದಾಗಿ ಆರಾಮಾಗಿ ಓಡುತ್ತೆ. ಕಟ್‌ಆಫ್‌ನ ಸ್ಟಾರ್ಟಿಂಗ್ ಎಳೆತಕ್ಕೆ 5 ಕೆವಿಎ ಬೇಕು. ಇಲ್ಲವಾದರೆ ಆ ಹೊತ್ತಿಗೆ ಪೈಪುಗಳನ್ನ ವೈಸ್‌ನಲ್ಲಿ ಹಿಡಿದು 4 ಇಂಚಿನ ಗ್ರೈಂಡರ್‌ನಲ್ಲಿ ಕಡಿದುಕೊಳ್ಳಿ. ಸಂಜೆ ವೋಲ್ಟೇಜ್ 190ಕ್ಕೆ ಇಳಿದಾಗಲೂ ಕಟ್‌ಆಫ್ ನಿಲ್ಲಿಸಿ, ದೊಡ್ಡ ಕಡಿತವನ್ನ ಬೆಳಿಗ್ಗೆಗೆ ಇಟ್ಟುಕೊಳ್ಳಿ.